1,23,45,67,890: ಪೆನ್ನು ಕಾಗದದಲ್ಲೇ ಒಡೆಯುವ ಬಗೆ

0ಯಿಂದ 9ರವರೆಗಿನ ಹತ್ತೂ ಅಂಕಿಗಳು ಒಂದೊಂದೇ ಸಲ ಬರುವ ಸಂಖ್ಯೆ ಇದು. ಇದಕ್ಕೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತವೆಷ್ಟು ಎಂದು ತಿಳಿಯಬೇಕಾದರೆ ಮೊದಲು ಅವಿಭಾಜ್ಯ ಅಪವರ್ತನಗಳು ಸಿಗಬೇಕು.

ಕೊನೆಯಲ್ಲಿ ಸೊನ್ನೆ ಇದೆ. 2 × 5 ತೆಗೆದರೆ 12,34,56,789 ಉಳಿಯುತ್ತದೆ. ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಭಾಗವಾಗುತ್ತದೆ. (ಈ ಹತ್ತು ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ ಮೊತ್ತ 45 ಆಗಿಯೇ ಇರುವುದರಿಂದ ಅಂಥ ಯಾವ ಸಂಖ್ಯೆಯೂ ಅವಿಭಾಜ್ಯವಲ್ಲ.) ಭಾಗಲಬ್ಧ 1,37,17,421. ಇದರ ಅಂಕಿಗಳ ಮೊತ್ತ 26, ಆದ್ದರಿಂದ 3 ಇನ್ನು ಬರುವುದಿಲ್ಲ.

ಮುಂದೆ 7, 11, 13. ಮೂರನ್ನೂ ಒಟ್ಟಿಗೇ ನೋಡಬಹುದು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿ ತೆಗೆದುಕೊಂಡು ಕೂಡಿಸಿ, ಕಳೆಯುತ್ತಾ ಹೋಗಿ: 421 − 717 + 13 = −283. ತಪ್ಪಾಗುವುದು ಇಲ್ಲೇ. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ನೋಡಿ 421, 17, 37, 1 ಎಂದು ಗುಂಪು ಮಾಡಿದರೆ ಉತ್ತರ ಕೆಡುತ್ತದೆ. ಅಲ್ಪವಿರಾಮ ಅಳಿಸಿ 13717421 ಎಂದು ಬರೆದುಕೊಳ್ಳುವುದೇ ಒಳ್ಳೆಯದು. 283 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ.

ಇನ್ನು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ ಸುಮಾರು ಐನೂರು ಭಾಗಾಕಾರ ಬೇಕು. ಅದರ ಬದಲು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ಡಿ ಫರ್ಮಾ ತೋರಿಸಿದ ದಾರಿ ಹಿಡಿಯಿರಿ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. a² − b² = (a − b) × (a + b) ಆದ್ದರಿಂದ ಎರಡು ಅಪವರ್ತನಗಳು ತಾವಾಗಿಯೇ ಸಿಗುತ್ತವೆ. ವರ್ಗಮೂಲ 3703ಕ್ಕಿಂತ ತುಸು ಹೆಚ್ಚು, ಹಾಗಾಗಿ 3704ರಿಂದ ಶುರು.

3704² − 1,37,17,421 = 2195. 5ರಲ್ಲಿ ಮುಗಿಯುವ ಪೂರ್ಣ ವರ್ಗದ ಕೊನೆಯಲ್ಲಿ 25 ಇರಲೇಬೇಕು, ಇದು ಅಲ್ಲ.

3705² − 1,37,17,421 = 9604 = 98².

ಎರಡನೇ ಪ್ರಯತ್ನಕ್ಕೇ ಸಿಕ್ಕಿತು! 3705 − 98 = 3607, 3705 + 98 = 3803. ಇಷ್ಟು ಬೇಗ ಸಿಗಲು ಕಾರಣ ಎರಡು ಅಪವರ್ತನಗಳೂ ವರ್ಗಮೂಲದ ಆಸುಪಾಸಿನಲ್ಲೇ ಇರುವುದು. ದೂರ ದೂರ ಇದ್ದರೆ ಈ ವಿಧಾನ ಬಹಳ ಎಳೆಯುತ್ತದೆ. ಮೂಲ ಸಂಖ್ಯೆಗೇ ನೇರವಾಗಿ ಹಚ್ಚಿದರಂತೂ ಎಂದೂ ಮುಗಿಯದು. 4ರಿಂದ ಭಾಗಿಸಿದಾಗ 2 ಶೇಷ ಬರುವ ಸಂಖ್ಯೆ ಎರಡು ವರ್ಗಗಳ ವ್ಯತ್ಯಾಸ ಆಗಲಾರದು. 2ನ್ನು ಮೊದಲೇ ತೆಗೆಯಬೇಕಾದ್ದು ಅದಕ್ಕೇ.

3607, 3803 ಅವಿಭಾಜ್ಯವೇ ಎಂದು ನೋಡದೆ ಮುಂದೆ ಹೋಗಬೇಡಿ. 13ರವರೆಗಿನವು ಆಗಲೇ ಹೋಗಿವೆ. 3607ಕ್ಕೆ 17ರಿಂದ 59ರವರೆಗಿನ ಹನ್ನೊಂದು ಅವಿಭಾಜ್ಯಗಳು ಸಾಕು. 3803ಕ್ಕೆ 61 ಕೂಡ ಸೇರಿಸಿ. ಯಾವುದಕ್ಕೂ ಶೇಷ ಸೊನ್ನೆ ಬರುವುದಿಲ್ಲ.

1,23,45,67,890 = 2 × 3² × 5 × 3607 × 3803

ಭಾಜಕಗಳ ಎಣಿಕೆಗೆ ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸಿ: 2 × 3 × 2 × 2 × 2 = 48. ಭಾಜಕಗಳ ಮೊತ್ತ 3 × 13 × 6 × 3608 × 3804 = 3,21,16,10,688. ಇಲ್ಲಿ 13 ಬಂದದ್ದು 1 + 3 + 9ರಿಂದ. 3 ಎರಡು ಸಲ ಇದೆಯೆಂದು 4 × 4 ಹಾಕಿದರೆ 3 ಎರಡು ಕಡೆ ಎಣಿಕೆಯಾಗಿ ಮೊತ್ತ ಉಬ್ಬುತ್ತದೆ. ಮೊತ್ತದಿಂದ ಸಂಖ್ಯೆಯನ್ನೇ ಕಳೆದರೆ 1,97,70,42,798. ಇದು ಮೂಲ ಸಂಖ್ಯೆಗಿಂತ ದೊಡ್ಡದು. ಅಂದರೆ ತನ್ನನ್ನು ಬಿಟ್ಟು ಉಳಿದ 47 ಭಾಜಕಗಳ ಮೊತ್ತವೇ ಸಂಖ್ಯೆಯನ್ನು ಮೀರಿಸುತ್ತದೆ.