ಚರ್ಮದ ಡಾಕ್ಟರು: ಫೋನಲ್ಲಾ, ಎದುರಲ್ಲಾ?

ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಚರ್ಮದ ಡಾಕ್ಟರೆಂದರೆ ಕಾಸರಗೋಡು, ಇಲ್ಲವೇ ಮಂಗಳೂರು. ಬಸ್ಸು, ಟೋಕನ್ನು, ಕಾಯುವುದು ಎಲ್ಲ ಸೇರಿ ಒಂದು ದಿನದ ಕೆಲಸ ಹೋಯಿತು. 2020ರಲ್ಲಿ ಕೊರೊನಾದಿಂದ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದಾರಿಯೂ ಇರಲಿಲ್ಲ. ಹಾಗಂತ ಎಲ್ಲವನ್ನೂ ಫೋನಲ್ಲೇ ಮುಗಿಸಲು ಆಗುವುದಿಲ್ಲ. ನೋಡಿದರೆ ಸಾಕಾಗುವ ತೊಂದರೆಗೆ ಫೋನು, ಮುಟ್ಟಿಯೋ ಕೆರೆದೋ ನೋಡಬೇಕಾದ್ದಕ್ಕೆ ಬಸ್ಸು.

ಮೊಡವೆ, ತಲೆಹೊಟ್ಟು, ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮದ್ದು) ಬಿಟ್ಟ ಮೇಲೆ ಕೈಗೆ ಬಂದ ತುರಿಕೆ, ಮೊದಲೇ ಗುರುತಾದ ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೇಳುವ ಕಾಯಿಲೆ): ಇವಕ್ಕೆ ಫೋನು ನಡೆಯುತ್ತದೆ. ಫೋನಲ್ಲೇ ಡಾಕ್ಟರಿಗೆ ತೋರಿಸುವ ಸರಕಾರದ ಸೇವೆ ಇ-ಸಂಜೀವನಿ ಪುಕ್ಕಟೆ. ಎದುರಲ್ಲಿ ತೋರಿಸಿ ಆರು ತಿಂಗಳೊಳಗೆ ಅದೇ ತೊಂದರೆಗೆ ಅದೇ ಡಾಕ್ಟರಿಗೆ ಫೋನು ಮಾಡಿದರೆ ಟೆಲಿಮೆಡಿಸಿನ್ (ಫೋನು ಚಿಕಿತ್ಸೆ) ನಿಯಮದಲ್ಲಿ ಅದು ಮರುಭೇಟಿ. ಮದ್ದು ಮುಂದುವರಿಸುವುದು ಸಲೀಸು.

ಮೊದಲು ಫೋಟೋ. ಕ್ಯಾಮೆರಾ ಒರೆಸಿ. ಎಣ್ಣೆ, ಅರಸಿನ, ಪೌಡರ್ ತೊಳೆದು, ಹಗಲಲ್ಲಿ ಜಗಲಿಗೆ ಬನ್ನಿ. ಫ್ಲಾಶ್, ಫಿಲ್ಟರ್ ಎರಡೂ ಬೇಡ. ಮೈಯಲ್ಲಿ ಎಲ್ಲಿದೆ ಎಂದು ಗೊತ್ತಾಗುವಂತೆ ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ.

ಹಚ್ಚಿದ ಮುಲಾಮಿನ ಟ್ಯೂಬಿನ ಫೋಟೋವನ್ನೂ ಕಳಿಸಿ. ನಮ್ಮಲ್ಲಿ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಮಳೆಗಾಲದಲ್ಲಿ ತೊಡೆಸಂದಿಗೆ ಗಜಕರ್ಣ ಬಂತು, ಮೆಡಿಕಲ್‌ನಿಂದ ಸ್ಟೀರಾಯ್ಡ್ ಬೆರೆತ ಕ್ರೀಮು ತಂದಾಯಿತು. ತುರಿಕೆ ಅಡಗುತ್ತದೆ, ಫಂಗಸ್ ಒಳಗೇ ಹಬ್ಬುತ್ತದೆ. ದುಂಡಗಿನ ಅಂಚೇ ಮಾಯ. ಇಂಥ ಫೋಟೋ ನೋಡಿ ಒಳ್ಳೆಯ ಡಾಕ್ಟರೂ ಮೋಸ ಹೋಗಬಹುದು. ಆಗ ಎದುರಲ್ಲೇ ತೋರಿಸಬೇಕು: ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ ಎಳೆಗಳು ಕಾಣುತ್ತವೆ.

ಮಚ್ಚೆ ದೊಡ್ಡದಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ನೇರ ಹೋಗಿ. ತುಣುಕು ತೆಗೆದು ಪರೀಕ್ಷಿಸಬೇಕಾಗಬಹುದು. ಮುಟ್ಟಿದರೂ ಗೊತ್ತಾಗದ ಬಿಳಿಚಿದ ಕಲೆ ಇದ್ದರೂ ಅಷ್ಟೇ. ಕುಷ್ಠದ ಅನುಮಾನಕ್ಕೆ ನರ ಮುಟ್ಟಿ ನೋಡಬೇಕು, ಅದು ವಿಡಿಯೋದಲ್ಲಿ ಆಗುವ ಕೆಲಸವಲ್ಲ. ನಾಚಿಕೆ ಬೇಡ, ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ಹೊಸ ಗುಳಿಗೆ ತಿಂದ ಮೇಲೆ ಜ್ವರದ ಜೊತೆ ಬಾಯಲ್ಲಿ ಗುಳ್ಳೆ, ಕಣ್ಣು ಕೆಂಪು, ಚರ್ಮ ಸುಲಿಯುವುದು ಶುರುವಾದರೆ ಫೋನೂ ಬೇಡ, ಒಪಿಡಿ ಟೋಕನ್ನೂ ಬೇಡ. ಗುಳಿಗೆ ನಿಲ್ಲಿಸಿ, ಅದರ ಸ್ಟ್ರಿಪ್ ಹಿಡಿದುಕೊಂಡು ನೇರ ಕ್ಯಾಶುವಾಲ್ಟಿಗೆ ಹೋಗಿ.