ಬಾತುಕೋಳಿ ಬೀಳಲೇ ಇಲ್ಲ

ಕಳೆದ ದಸರಾ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದಾಗ ಅಟ್ಟದ ಮೇಲೆ ನನ್ನ ಹಳೆ ಟಿವಿ ಗೇಮ್ ಸಿಕ್ಕಿತು. ಅಮ್ಮ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಹಿತ್ತಾಳೆ ಕೊಳಗದೊಳಗೆ ಇಟ್ಟಿದ್ದಳು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಮೂರು ಕ್ಯಾಸೆಟ್ಟು. ಒಂದು ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತ ಬರೆದಿತ್ತು. ಆ ಕಾಲದವರಿಗೆ ಗೊತ್ತು, ಅದರಲ್ಲಿ ಇರುವುದು ಆರೋ ಏಳೋ ಆಟ, ಮಿಕ್ಕಿದ್ದೆಲ್ಲ ಅವೇ ಆಟಗಳು, ಹೆಸರು ಮಾತ್ರ ಬೇರೆ.

ಇದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅನ್ನುವುದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಆಗ ನಮಗೆ ಎಲ್ಲವೂ ‘ಟಿವಿ ಗೇಮ್’ ಅಷ್ಟೇ. ಕ್ಯಾಸೆಟ್ ಓಡದಿದ್ದರೆ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುವುದು. (ಊದಬಾರದಂತೆ, ಬಾಯಿಯ ತೇವಕ್ಕೆ ಪಿನ್ನು ಹಾಳಾಗುತ್ತದೆ. ಈ ಸಲ ಇಯರ್ ಬಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದೆ, ಬಡ್ಡು ಕಪ್ಪಗಾಯಿತು, ಮೊದಲ ಸಲಕ್ಕೇ ಓಡಿತು.)

ಬೆಂಗಳೂರಿಗೆ ತಂದು 43 ಇಂಚಿನ ಟಿವಿಗೆ ಹಳದಿ ವೈರು ಚುಚ್ಚಿದೆ. ಮಾರಿಯೊ ಬಂತು. ಒಂಬತ್ತು ವರ್ಷದ ಮಗಳಿಗೆ ಖುಷಿಯೋ ಖುಷಿ. ಆ ಇಡೀ ಆಟ 40 ಕೆಬಿ, ಬೆಳಿಗ್ಗೆ ವಾಟ್ಸಾಪಿಗೆ ಬರುವ ಗುಡ್ ಮಾರ್ನಿಂಗ್ ಗುಲಾಬಿ ಹೂ ಇದಕ್ಕಿಂತ ದೊಡ್ಡದು ಅಂದೆ. ಅವಳು ನಂಬಲಿಲ್ಲ. ಆಮೇಲೆ ಬಾತುಕೋಳಿ ಹೊಡೆಯುವ ಆಟ ಹಾಕಿ ಗನ್ ಕೈಗೆ ಕೊಟ್ಟೆ. ಒಂದೂ ಬೀಳಲಿಲ್ಲ. ಟಿವಿಗೆ ಗನ್ನಿನ ಮೂತಿ ಅಂಟಿಸಿ ಹೊಡೆದರೂ ಬೀಳಲಿಲ್ಲ. ಪ್ರತಿ ಸಲ ಆಟದೊಳಗಿನ ಬೇಟೆನಾಯಿ ಪೊದೆಯಿಂದ ಎದ್ದು ಕಿಸಕ್ಕನೆ ನಗುವುದು.

“ಅಪ್ಪ, ಇದು ಕೆಟ್ಟಿದೆ.”

ಗನ್ ಕೆಟ್ಟಿರಲಿಲ್ಲ. ಆ ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದು ನೋಡುತ್ತದೆ, ಅಷ್ಟೇ. ಒಳಗೆ ಒಂದು ಸಣ್ಣ ಮಸೂರ, ಅದರ ಹಿಂದೆ ಬೆಳಕು ಗುರುತಿಸುವ ಡಯೋಡು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮುಂದಿನ ಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಮೊದಲು ಕತ್ತಲು, ಆಮೇಲೆ ಬೆಳಕು ಅಂತ ಗನ್ ಕಂಡರೆ ಗುರಿ ಸಿಕ್ಕಿತು ಅಂತ ಲೆಕ್ಕ. ಇದೆಲ್ಲ ಡಬ್ಬದಂಥ ಹಳೆ ಸಿಆರ್‌ಟಿ ಟಿವಿಯ ಸಮಯಕ್ಕೆ ಕಟ್ಟಿದ್ದು. ಆ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುತ್ತದೆ, ಗನ್ನಿನ ಸರ್ಕ್ಯೂಟು ಆ ಮಿನುಗಿಗೇ ಕಿವಿ ಕೊಟ್ಟು ಕೂತಿರುತ್ತದೆ. ಹೊಸ ಎಲ್‌ಸಿಡಿಯಲ್ಲಿ ಆ ಮಿನುಗೂ ಇಲ್ಲ, ಚಿತ್ರವೂ ತಡವಾಗಿ ಬರುತ್ತದೆ. ಬಿಳಿ ಚೌಕ ಪರದೆಗೆ ಬರುವ ಹೊತ್ತಿಗೆ ಆಟ ‘ತಪ್ಪಿತು’ ಅಂತ ತೀರ್ಮಾನಿಸಿ ನಾಯಿಯನ್ನು ಕಳಿಸಿಬಿಟ್ಟಿರುತ್ತದೆ.

ಸರಿ, ಒಂದು ಹಳೆ ಟಿವಿ ಹುಡುಕಬೇಕು ಅಂದುಕೊಂಡೆ. ಅಷ್ಟರಲ್ಲಿ ಪಿಸಿಯ ತಲೆನೋವು ಶುರುವಾಯಿತು.

ನನ್ನ ಪಿಸಿ 2016ರದ್ದು. ಮೊದಲ ದೊಡ್ಡ ಬೋನಸ್ ಬಂದಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಇಡೀ ಶನಿವಾರ ಅಂಗಡಿ ಅಂಗಡಿ ಸುತ್ತಿ ಕಟ್ಟಿಸಿದ್ದು. ಐ5 6500 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್. ಆಗ ಅದು ನಮ್ಮ ಗೆಳೆಯರ ಗುಂಪಿನಲ್ಲೇ ರಾಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟು ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನದ್ದಾದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ನನ್ನದು ಆರನೆಯದು. ಅಡ್ಡದಾರಿಗಳಿವೆ, ಗೊತ್ತು. ಆದರೆ ಪ್ರತಿ ಅಪ್‌ಡೇಟ್ ಬಂದಾಗಲೂ ಎದೆ ಹಿಡಿದು ಕೂರುವ ವಯಸ್ಸಲ್ಲ ನನ್ನದು.

ಗೆಳೆಯರು ಹೊಸದು ತಗೋ ಅಂದರು. ಯಾಕೆ ತಗೋಬೇಕು? ಇದರಲ್ಲಿ ಮುರಿದದ್ದು ಏನೂ ಇಲ್ಲ. 2020, 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯವರು ಕಾರ್ಡುಗಳನ್ನೆಲ್ಲ ಬಾಚಿಕೊಂಡು ಹೋಗಿ, ಸಿಗುವ ಒಂದೆರಡಕ್ಕೂ ದುಪ್ಪಟ್ಟು ಬೆಲೆ ಹೇಳುತ್ತಿದ್ದಾಗ ನನ್ನ ಕೈ ಹಿಡಿದಿದ್ದು ಇದೇ 1060.

ಹಾಗಾಗಿ ವಿಂಡೋಸ್ ತೆಗೆದು, ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಇದನ್ನು ಹೇಳಿದರೆ ಗೇಮ್ ಆಡುವವರು ಈಗಲೂ ನಗುತ್ತಾರೆ. ಹತ್ತು ವರ್ಷದ ಹಿಂದಾಗಿದ್ದರೆ ನಾನೂ ನಗುತ್ತಿದ್ದೆ. ಬದಲಾಗಿದ್ದು 2018ರಲ್ಲಿ. ವಾಲ್ವ್ ಕಂಪನಿ ಪ್ರೋಟಾನ್ ಅನ್ನುವುದನ್ನು ತನ್ನ ಆಟದಂಗಡಿ ಸ್ಟೀಮ್ ಒಳಗೇ ಸೇರಿಸಿತು. ಅದು ದುಭಾಷಿ ಇದ್ದ ಹಾಗೆ. ವಿಂಡೋಸ್ ಆಟ ತನ್ನ ಭಾಷೆಯಲ್ಲಿ ಏನು ಕೇಳಿದರೂ ಲಿನಕ್ಸಿಗೆ ಅರ್ಥವಾಗುವ ಹಾಗೆ ಹೇಳುತ್ತದೆ. ಅದರ ಬುಡದಲ್ಲಿರುವ ವೈನ್ ಯೋಜನೆ 1993ರಿಂದ ನಡೆಯುತ್ತಿದೆ, ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ! 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಓಡುವುದೂ ಇದರ ಮೇಲೇ, ಅದಕ್ಕೇ ಇದು ಇಷ್ಟು ಬೇಗ ಪಳಗಿದ್ದು.

ಮಾಡಿದ ಕೆಲಸ ಹೇಳುತ್ತೇನೆ, ತಪ್ಪುಗಳ ಸಮೇತ.

ಮೊದಲು ಪೆನ್ ಡ್ರೈವಿಗೆ ಲಿನಕ್ಸಿನ ಒಂದು ಬಗೆಯಾದ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಅದರಿಂದ ಪಿಸಿ ಚಾಲೂ ಮಾಡಿ ವೈಫೈ, ಸೌಂಡು, ಬ್ಲೂಟೂತ್ ಎಲ್ಲ ನಡೆಯುತ್ತದಾ ಅಂತ ನೋಡಿದೆ. ನಡೆಯಿತು. ಆ ಹುಮ್ಮಸ್ಸಿನಲ್ಲಿ ಸೀದಾ ಇನ್‌ಸ್ಟಾಲ್ ಒತ್ತಿದೆ. ಫೋಟೋ, ಬ್ಯಾಂಕ್ ಕಾಗದ ಎಲ್ಲ ಬ್ಯಾಕಪ್ ಆಗಿತ್ತು. ಎಲ್ಲಿವರೆಗೆ ಆಡಿದ್ದೆ ಅನ್ನುವುದು ಇರುವ ಆಟಗಳ ಸೇವ್ ಫೈಲು ಮರೆತುಹೋಯಿತು. ಸ್ಟೀಮ್ ಕ್ಲೌಡಿನಲ್ಲಿ ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಎಲ್ಲ ಆಟಕ್ಕೂ ಆ ಸೌಲಭ್ಯ ಇರುವುದಿಲ್ಲ. ಮೂರು ವರ್ಷ ಬಿಟ್ಟು ಬಿಟ್ಟು ಆಡಿ ಬೆಳೆಸಿದ ಒಂದು ಊರು, ಸೇತುವೆ, ರೈಲು ಸಮೇತ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ನೀವು ಮಾಡುವುದಾದರೆ ಡಾಕ್ಯುಮೆಂಟ್ಸ್ ಮತ್ತು ಆಪ್‌ಡೇಟಾ, ಈ ಎರಡು ಫೋಲ್ಡರನ್ನು ಕಣ್ಣು ಮುಚ್ಚಿ ಕಾಪಿ ಮಾಡಿಟ್ಟುಕೊಳ್ಳಿ.

ಎರಡನೇ ತಪ್ಪು ಇನ್ನೂ ಪೆದ್ದತನದ್ದು. ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ 400 ಜಿಬಿ ಆಟಗಳಿದ್ದವು, ಮತ್ತೆ ಡೌನ್‌ಲೋಡ್ ಯಾಕೆ ಅಂತ ಆ ವಿಂಡೋಸ್ ಡಿಸ್ಕನ್ನೇ ಸ್ಟೀಮಿಗೆ ತೋರಿಸಿದೆ. ಒಂದೂ ಆಟ ಓಪನ್ ಆಗಲಿಲ್ಲ. ಪ್ಲೇ ಒತ್ತಿದರೆ ಒಂದು ಸೆಕೆಂಡ್ ‘ಸ್ಟಾಪ್’ ಅಂತ ತೋರಿಸಿ ಮತ್ತೆ ‘ಪ್ಲೇ’ಗೆ ಬಂದು ನಿಲ್ಲುವುದು. ಎರಡು ದಿನ ಡ್ರೈವರನ್ನು ಬೈದೆ, ಪ್ರೋಟಾನ್ ಬೈದೆ. ಕಾರಣ ಡಿಸ್ಕು. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಪ್ರೋಟಾನ್ ಸರಿಯಾಗಿ ನಡೆಯುವುದಿಲ್ಲ. ಲಿನಕ್ಸಿನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಮತ್ತೆ ಇಳಿಸಿಕೊಂಡ ಮೇಲೆ ಎಲ್ಲ ಸುಮ್ನೆ ಓಡಿದವು.

ಗ್ರಾಫಿಕ್ಸ್ ಡ್ರೈವರ್ ಸುಲಭ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆಗೆದು ಎನ್‌ವಿಡಿಯಾದ ಡ್ರೈವರ್ ಆರಿಸಿ ರೀಸ್ಟಾರ್ಟ್ ಮಾಡಿದರಾಯಿತು. ಅದನ್ನು ಹಾಕದೆ ಆಡಲು ಹೋದರೆ ಎತ್ತಿನ ಗಾಡಿ.

ಯಂತ್ರಕ್ಕೆ ಖರ್ಚು ಮಾಡಿದ್ದು ಎರಡಕ್ಕೆ. ಒಂದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್. ಕಾರ್ಡು ಬಿಚ್ಚಿ ಧೂಳು ಊದಿ, ಪ್ರೊಸೆಸರಿನ ಒಣಗಿದ ಥರ್ಮಲ್ ಪೇಸ್ಟು ಒರೆಸಿ ಹೊಸದು ಹಚ್ಚಿದೆ. ಆಮೇಲೆ ಆಟಗಳನ್ನೆಲ್ಲ ಸೆಕೆಂಡಿಗೆ 60 ಫ್ರೇಮಿಗೆ, ಅಂದರೆ 60 ಚಿತ್ರಕ್ಕೆ ಕಟ್ಟಿಹಾಕಿದೆ. ನನ್ನ ಮಾನಿಟರ್ ತೋರಿಸುವುದೇ 60, ಅದಕ್ಕಿಂತ ಜಾಸ್ತಿ ಫ್ರೇಮು ಮಾಡಿ ಕಾರ್ಡು ಬೆವರುವುದು ಯಾಕೆ? ಫ್ಯಾನಿನ ಸದ್ದು ನಿಂತಿತು. ತೀರಾ ಹೊಸ ಆಟಕ್ಕೆ ಎಎಂಡಿಯವರ ಎಫ್‌ಎಸ್‌ಆರ್ ಇದೆ, ಆಟವನ್ನು ಸಣ್ಣ ಅಳತೆಯಲ್ಲಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ಉಪಾಯ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ, ಇದು ನನ್ನ ಮುದಿ ಕಾರ್ಡಿನಲ್ಲೂ ನಡೆಯುತ್ತದೆ. ಸ್ವಲ್ಪ ಮಸುಕು. ಓಡುವಾಗ ಯಾರು ನೋಡುತ್ತಾರೆ?

ಓಡದೇ ಇದ್ದದ್ದೂ ಇದೆ. ವ್ಯಾಲರಂಟ್ ಅನ್ನುವ ಶೂಟಿಂಗ್ ಆಟ ಲಿನಕ್ಸಿನಲ್ಲಿ ಬರುವುದಿಲ್ಲ, ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ವಿಂಡೋಸಿನ ತಿರುಳಾದ ಕರ್ನಲ್ಲಿನೊಳಗೇ ಕೂತುಕೊಳ್ಳುತ್ತದೆ. ಅಣ್ಣನ ಮಗ ರಜೆಗೆ ಬಂದವನು ಇದನ್ನು ಕೇಳಿ ಎರಡನೇ ದಿನಕ್ಕೇ ಊರಿಗೆ ಹೊರಟ. ಅವನಿಗೆ ಅದೇ ಆಟ ಬೇಕು ಅಂದರೆ ನನ್ನ ದಾರಿ ಅವನಿಗಲ್ಲ, ಅಷ್ಟೇ. ಕೌಂಟರ್ ಸ್ಟ್ರೈಕ್ 2 ಮಾತ್ರ ಲಿನಕ್ಸಿನಲ್ಲಿ ಸಲೀಸು. ಅದರಲ್ಲಿ ಇವತ್ತಿಗೂ ಡಸ್ಟ್ 2 ಮ್ಯಾಪ್ ಇದೆ. ಪಿಜೆ ಎಕ್ಸ್‌ಟೆನ್ಷನ್ನಿನ ಸೈಬರ್ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು, ಟ್ಯೂಷನ್ ಬಿಟ್ಟು, ಪಕ್ಕದ ಕುರ್ಚಿಯವನು ನನ್ನ ಸ್ಕ್ರೀನ್ ಕದ್ದು ನೋಡುತ್ತಾನೆ ಅಂತ ಜಗಳ ಆಡಿಕೊಂಡು ಹಳೆ ಕೌಂಟರ್ ಸ್ಟ್ರೈಕ್ 1.6 ಆಡಿದ್ದು ಇದೇ ಮ್ಯಾಪಿನಲ್ಲಿ. ಬಿ ಸೈಟಿನ ಬಾಗಿಲು ಎಲ್ಲಿ ಅಂತ ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಆ ಕ್ಯಾಸೆಟ್ಟಿಗೆ ಮೂವತ್ತು ವರ್ಷದ ಹತ್ತಿರ ಆಯಿತು, ಒರೆಸಿ ಹಾಕಿದರೆ ಓಡುತ್ತದೆ. ಅದರ ಪಕ್ಕದಲ್ಲೇ ಇದ್ದ ನನ್ನ ಮೊದಲ ಒರಿಜಿನಲ್ ಸಿಡಿ, ನಕಲಿ ಸಿಡಿಗಳ ಕಾಲದಲ್ಲಿ ಮೂರು ತಿಂಗಳು ಪಾಕೆಟ್ ಮನಿ ಕೂಡಿಸಿ ತಂದಿದ್ದು, ವಿಂಡೋಸ್ 10ರಲ್ಲೇ ಓಡುತ್ತಿರಲಿಲ್ಲ. ಸಿಡಿಗೆ ಏನೂ ಆಗಿಲ್ಲ. ಅದರಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಅಂತ ಒಂದು ಬೀಗ ಇತ್ತು. ಆ ಬೀಗದ ಡ್ರೈವರಿನಿಂದ ಕಂಪ್ಯೂಟರಿಗೇ ಅಪಾಯ ಅಂತ ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟರು. ಕೈಬಿಟ್ಟಿದ್ದು ಸರಿಯೇ. ಆದರೆ ಅದೇ ಆಟದ ನಕಲಿ ಸಿಡಿ 50 ರೂಪಾಯಿಗೆ ತಂದ ಗೆಳೆಯನದ್ದು ಈಗಲೂ ಓಡುತ್ತದೆ, ದುಡ್ಡು ಕೊಟ್ಟ ನನ್ನದು ಓಡುವುದಿಲ್ಲ. ಕೊನೆಗೆ ಬೀಗವೇ ಇಲ್ಲದ ಆಟ ಮಾರುವ ಜಿಒಜಿಯಲ್ಲಿ ಅದನ್ನೇ ಎರಡನೇ ಸಲ ಕೊಂಡೆ. ಇನ್‌ಸ್ಟಾಲರ್ ಫೈಲನ್ನು ಡಿಸ್ಕಿಗೆ ಹಾಕಿ ಇಟ್ಟುಕೊಂಡಿದ್ದೇನೆ, ನಾಳೆ ಅಂಗಡಿ ಮುಚ್ಚಿದರೂ ನನ್ನ ಆಟ ನನ್ನ ಹತ್ತಿರ.

ಸರ್ವರಿಗೆ ಕಟ್ಟಿಹಾಕಿದ ಆಟಗಳದ್ದು ಇನ್ನೂ ಕಷ್ಟ. ದಿ ಕ್ರೂ ಅಂತ 2014ರ ಕಾರ್ ಆಟ. ಒಬ್ಬರೇ ಆಡುವ ಕಥೆಯೂ ಇತ್ತು, ಆದರೆ ಅದಕ್ಕೂ ಇಂಟರ್ನೆಟ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟವರ ಹತ್ತಿರ ಉಳಿದಿದ್ದು ಡಬ್ಬ. ಯುರೋಪಿನಲ್ಲಿ ಇದರ ಮೇಲೇ ಸಹಿ ಸಂಗ್ರಹ ಶುರುವಾಗಿ ಹತ್ತು ಲಕ್ಷ ದಾಟಿತು. ನಾನು ಆ ಆಟ ಕೊಂಡವನಲ್ಲ, ಆದರೆ ಅದನ್ನು ಓದಿದ ಮೇಲೆ ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ವೈಫೈ ತೆಗೆದರೆ ಇದು ಓಡುತ್ತದಾ? ಸೇಲ್‌ನಲ್ಲಿ ಎಷ್ಟೇ ಅಗ್ಗ ಇರಲಿ, ಇಲ್ಲ ಅಂದರೆ ಬೇಡ.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವನೂ ನಾನಲ್ಲ. 1999ರ ಏಜ್ ಆಫ್ ಎಂಪೈರ್ಸ್ 2 ನೋಡಿ. 2019ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟರು, 2022ರಲ್ಲಿ ದ್ರಾವಿಡರನ್ನೂ ಸೇರಿಸಿದರು. ನನ್ನ ಪಿಸಿಯಲ್ಲಿ ಚೆಂದ ಓಡುತ್ತದೆ. ಹಳೆ ಆಟಕ್ಕೆ ಇಷ್ಟು ಮರ್ಯಾದೆ ಕೊಡುವವರಿದ್ದರೆ ನಾನು ಮತ್ತೆ ದುಡ್ಡು ಕೊಡಲು ತಯಾರು.

ಮಗಳ ವಿಷಯಕ್ಕೆ ಬಂದರೆ, ಅವಳಿಗೆ ಫೋನಿನ ‘ಫ್ರೀ’ ಆಟ ಕೊಡುವುದಿಲ್ಲ. ಹಿಂಸೆ ಇದೆ ಅಂತಲ್ಲ, ಬಾತುಕೋಳಿಗೆ ಗುಂಡು ಹೊಡೆಯಲು ಕಲಿಸಿದವನೇ ನಾನು. ಆದರೆ ಅವುಗಳಲ್ಲಿ ಬಹಳಷ್ಟು ಸೋಲಿಸಿ, ಕಾಯಿಸಿ, ಆಮೇಲೆ 89 ರೂಪಾಯಿಯ ವಜ್ರ ತೋರಿಸುತ್ತವೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಗೇಮ್ ಆಡುತ್ತೇನೆ ಅಂದರೆ ಕೆಲವರು ರಮ್ಮಿ ಅಂದುಕೊಂಡು ಪಾಪ ಅನ್ನುವ ಹಾಗೆ ನೋಡುತ್ತಿದ್ದರು! 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡು ಕಟ್ಟಿ ಆಡುವುದನ್ನು ಬೇರೆ, ಇ-ಸ್ಪೋರ್ಟ್ಸ್ ಅನ್ನು ಬೇರೆ ಅಂತ ವಿಂಗಡಿಸಿತು. ಪಕ್ಕದ ಮನೆ ಅಂಕಲ್‌ಗೆ ಇದನ್ನು ವಿವರಿಸಿದೆ. “ಆದರೂ ಕಣ್ಣು ಹಾಳಲ್ವಾ?” ಅಂದರು.

ಹಳೆ ಟಿವಿ ಸಿಕ್ಕಿತು. ಗುಜರಿಯವನ ಹತ್ತಿರ, 14 ಇಂಚು, 400 ರೂಪಾಯಿ. ಓಡುತ್ತದಾ ಅಂದೆ, ನೋಡಿಲ್ಲ ಸಾರ್ ಅಂದ. ಹೆಂಡತಿ ಮುಖ ನೋಡಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ಭಯ. ಒಂದು ಮಾತು: ಇಂಥ ಟಿವಿಯನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಹೊರಗಿನಿಂದ ಒರೆಸಿ ಆನ್ ಮಾಡಿದೆ. ಕುಂಯ್ ಅಂತ ಆ ಸಣ್ಣ ಸದ್ದು, ಸುಟ್ಟ ಧೂಳಿನ ವಾಸನೆ. ಪರದೆ ಹತ್ತಿರ ಕೈ ತಂದರೆ ರೋಮ ನಿಲ್ಲುತ್ತದೆ, ಮಗಳು ಅದನ್ನೇ ಹತ್ತು ಸಲ ಮಾಡಿದಳು.

ಗನ್ ಕೊಟ್ಟೆ. ಅವಳು ಒಂದು ಅಡಿ ದೂರದಲ್ಲಿ ಮಂಡಿಯೂರಿ ಕೂತು ಹೊಡೆದಳು. ಬಿತ್ತು. ಇನ್ನೊಂದೂ ಬಿತ್ತು. ಮೊದಲ ಸುತ್ತಿನಲ್ಲಿ ಹತ್ತಕ್ಕೆ ಎಂಟು. ಹೀಗಲ್ಲ ಹೊಡೆಯುವುದು, ನಾವು ಸೋಫಾದ ಹಿಂದೆ ನಿಂತು ಹೊಡೆಯುತ್ತಿದ್ದೆವು ಅಂತ ಗನ್ ಇಸಿದುಕೊಂಡು ಆರು ಅಡಿ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ, ಗುರಿ ಇಟ್ಟು ಒತ್ತಿದೆ. ಮೂರು ಗುಂಡೂ ತಪ್ಪಿತು. ನಾಯಿ ಎದ್ದು ನಕ್ಕಿತು.