ಹೊಲದ ಹುಣಸೆ, ಬೇವಿನ ದಿಮ್ಮಿಯಿಂದ ಸ್ಲ್ಯಾಬ್: ಚಿತ್ರದುರ್ಗದಲ್ಲಿ ನಾನು ಮಾಡುವ ಕ್ರಮ

ಟೇಬಲ್‌ನಂಥವಕ್ಕೆ ಬೇಕಾದ, ಅಂಚು ಕತ್ತರಿಸದ ದಪ್ಪ ಅಗಲದ ಹಲಗೆಯೇ ಸ್ಲ್ಯಾಬ್; ಅದನ್ನು ಮಾಡಿ ಮಾರುವುದು ನನ್ನ ಕೆಲಸ. ನಾನು ಕೊಳ್ಳುವುದು ಹೊಲದ ಬದು, ಹಿತ್ತಲಿನ ಮರಗಳನ್ನು ಮಾತ್ರ: ಹುಣಸೆ, ಬೇವು, ಕರಿಜಾಲಿ, ಬಾಗೆ, ಮಾವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅನುಮತಿ ಬೇಕು. ಅದಕ್ಕೇ ವಲಯ ಅರಣ್ಯ ಕಚೇರಿಯಲ್ಲಿ ಕಡಿಯುವುದನ್ನೂ ಸಾಗಣೆಯ ರಹದಾರಿಯನ್ನೂ ವಿಚಾರಿಸಿದ ಮೇಲೆಯೇ ಮುಂಗಡ ಕೊಡುತ್ತೇನೆ. ಸ್ವಂತ ಸಾಮಿಲ್‌ಗೆ ಬೇರೆಯೇ ಪರವಾನಗಿ ಬೇಕು. ಹಾಗಾಗಿ ಪರವಾನಗಿ ಇರುವ ಮಿಲ್ಲಿನಲ್ಲಿ ಕೂಲಿಗೆ ಕೊಯ್ಸುತ್ತೇನೆ.

ದಿಮ್ಮಿಯ ಲೆಕ್ಕಕ್ಕೆ ನಡುವಿನ ಸುತ್ತಳತೆಯ ಕಾಲು ಭಾಗ ಹಿಡಿಯುತ್ತೇವೆ. ಸುತ್ತಳತೆ 72 ಇಂಚು, ಉದ್ದ 8 ಅಡಿ ಇದ್ದರೆ 18×18×8÷144, ಅಂದರೆ 18 ಘನ ಅಡಿ. ಹಳೆಯ ಹುಣಸೆಗೆ ಒಳಗೆ ಟೊಳ್ಳು ಇರುವುದು ಹೆಚ್ಚು. ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳಬೇಕು. ದನ ಕಟ್ಟುತ್ತಿದ್ದ ಮರದಲ್ಲಿ ಮೊಳೆ, ಕೊಂಡಿ ಹುದುಗಿರುತ್ತವೆ. ತೊಗಟೆ ಕೆತ್ತಿ ನೋಡಿದಾಗ ಕಪ್ಪು-ನೀಲಿ ಕಲೆ ಕಂಡರೆ ಅಲ್ಲಿ ಕಬ್ಬಿಣ ಇದೆ ಎಂದೇ ತಿಳಿಯಿರಿ.

ಕೊಯ್ಸುವ ದಪ್ಪ ಎರಡೂವರೆ ಇಂಚು. ಒಣಗಿ, ಸೊಟ್ಟ ತೆಗೆದು ಮಟ್ಟ ಮಾಡಿದ ಮೇಲೆ ಉಳಿಯುವುದು ಎರಡು. ಮರದ ನಟ್ಟನಡುವಿನ ತಿರುಳು ಹಲಗೆಯಲ್ಲಿ ಉಳಿದರೆ ಅದೇ ಗೆರೆಯಲ್ಲಿ ಸೀಳುತ್ತದೆ. ಆ ಹಲಗೆಯನ್ನು ಉದ್ದಕ್ಕೆ ಎರಡು ಮಾಡಿಸಿ ತಿರುಳಿನ ಪಟ್ಟಿ ತೆಗೆಸುತ್ತೇನೆ.

ನಮ್ಮ ಕಡೆ ಮಾಲು ಕೆಡುವುದು ಒಣಗಿಸುವಾಗ, ಅದೂ ತೀರ ಬೇಗ ಒಣಗಿ. ಮೇಲ್ಮೈ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿ; ಆ ಎಳೆದಾಟಕ್ಕೆ ಬಿರುಕು ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಯೇ ಬಿಸಿಲಿಗಿಂತ ಕೆಟ್ಟದ್ದು. ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಬೇಕು. ಇಲ್ಲವಾದರೆ ಗಟ್ಟಿ ಎಣ್ಣೆ ಬಣ್ಣ ಎರಡು ಕೋಟು. ಡಿಸ್ಟೆಂಪರ್ ತೇವವನ್ನು ತಡೆಯುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಹತ್ತದಂತೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಹಲಗೆ ಹಸಿ ಇರುವಾಗಲೇ ಹಚ್ಚುತ್ತೇನೆ.

ಶೆಡ್ಡಿನಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಅಟ್ಟಿ. ಹಲಗೆಗಳ ನಡುವೆ ಒಣಗಿದ ಒಂದಿಂಚಿನ ರೀಪು, ಒಂದೂವರೆ ಅಡಿಗೊಂದು. ರೀಪುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಇರಲೇಬೇಕು, ತಪ್ಪಿದರೆ ಹಲಗೆ ಅಲೆಯಂತೆ ಬಾಗುತ್ತದೆ. ಪಡುವಣ ಬದಿಗೆ ಮೊದಲ ಮೂರು ತಿಂಗಳು ಗೋಣಿ ಕಟ್ಟುತ್ತೇನೆ. ಮಾವಿಗೆ ಮಾತ್ರ ಗೋಣಿ ಬೇಡ: ಅದು ನಿಧಾನವಾದರೆ ನೀಲಿ ಬೂಸಲು ಹಿಡಿಯುತ್ತದೆ. ಕಡಿದ ವಾರದೊಳಗೆ ಕೊಯ್ಸಿ ಗಾಳಿಗೇ ಇಡಿ.

ಒಣಗಲು ಇಂಚು ದಪ್ಪಕ್ಕೊಂದು ವರ್ಷ ಎಂಬುದು ಅಂದಾಜು. ನಾನು ನಂಬುವುದು ತೂಕವನ್ನು. ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ತುಂಡು ತೆಗೆದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 224 ಗ್ರಾಂ ಇದ್ದದ್ದು 200ಕ್ಕೆ ನಿಂತರೆ, ಇಳಿದ 24 ಗ್ರಾಂ ಒಣ ತೂಕದ ಶೇ. 12; ಅದೇ ತೇವ. ಅದಕ್ಕಿಂತ ಹೆಚ್ಚಿದ್ದರೆ ಮಾರುವುದಿಲ್ಲ.

ಮಾರಾಟದ ಅಳತೆ ಒಣಗಿದ ಮೇಲಿನದು. ಅಂಚು ಅಂಕುಡೊಂಕು ಇರುವುದರಿಂದ ಮೂರು ಕಡೆ ಅಗಲ ಹಿಡಿದು ಸರಾಸರಿ. 8 ಅಡಿ ಉದ್ದ, 24 ಇಂಚು ಅಗಲ, ಎರಡು ಇಂಚು ದಪ್ಪಕ್ಕೆ 2.67 ಘನ ಅಡಿ. ಒಂದೇ ದಿಮ್ಮಿಯ ಹಲಗೆಗಳಿಗೆ ಕ್ರಮವಾಗಿ ನಂಬರ್ ಬರೆದಿಡುತ್ತೇನೆ. ಪಕ್ಕಪಕ್ಕದ ಜೋಡಿ ಕೇಳಿಕೊಂಡು ಬರುವವರಿದ್ದಾರೆ. ಬಿರುಕಿಗೆ ಎಪಾಕ್ಸಿ ತುಂಬದೆ ಹಾಗೆಯೇ ತೋರಿಸುತ್ತೇನೆ. ಟೇಬಲ್ ಮಾಡುವವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ಹಲಗೆ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ಕಾಲಿನ ಪಟ್ಟಿಯಲ್ಲಿ ಸ್ಕ್ರೂ ತೂತುಗಳನ್ನು ಆ ದಿಕ್ಕಿಗೆ ಉದ್ದವಾಗಿ ಕೊರೆಯಿರಿ.